ಸರ್ಪಸುತ್ತಿನಲ್ಲಿ ದೋಷ ಯಾರದು?

ಎದೆಯ ಒಂದೇ ಪಕ್ಕದಲ್ಲಿ, ಬೆನ್ನುಮೂಳೆಯ ಬದಿಯಿಂದ ಹೊರಟು ಪಕ್ಕೆಲುಬಿನ ಗುಂಟ ಮುಂದಕ್ಕೆ ಸಾಗುವ ನೀರುಗುಳ್ಳೆಗಳ ಸಾಲು, ಗುಳ್ಳೆ ಕಾಣುವುದಕ್ಕೂ ಎರಡು ಮೂರು ದಿನ ಮುಂಚೆಯೇ ಶುರುವಾಗುವ ಉರಿ, ಬಟ್ಟೆ ತಾಗಿದರೂ ತಡೆಯಲಾಗದ ನೋವು. ಇಷ್ಟು ಕಂಡರೆ ಕನ್ನಡನಾಡಿನ ಹಳ್ಳಿಗಳಲ್ಲಿ ರೋಗದ ಹೆಸರು ಹೇಳಲು ವೈದ್ಯರೇ ಬೇಕೆಂದಿರಲಿಲ್ಲ. ಅದು ಸರ್ಪಸುತ್ತು ಎಂದು ನೆರೆಮನೆಯ ಅಜ್ಜಿಯೇ ಹೇಳಿಬಿಡುತ್ತಿದ್ದಳು. ಮುಂದೆ ಹಿಡಿಯಬೇಕಾದ ದಾರಿಯೂ ಎಲ್ಲರಿಗೂ ಗೊತ್ತಿದ್ದದ್ದೇ. ಕುಂಬಾರರ ಮನೆಗೋ ಮಂತ್ರ ಹಾಕುವವರ ಬಳಿಗೋ ಹೋಗಿ ಗುಳ್ಳೆಗಳ ಮೇಲೆ ಕೆಮ್ಮಣ್ಣು ಇಲ್ಲವೇ ಕಾವಿ ಹಚ್ಚಿಸಿಕೊಳ್ಳುವುದು, ಕೆಲವು ಕಡೆ ಅದರಲ್ಲೇ ಹಾವಿನ ಆಕೃತಿ ಬರೆಸಿಕೊಳ್ಳುವುದು, ಗರಿಕೆ ಅರೆದು ಲೇಪಿಸುವುದು, ಪಥ್ಯ ಹಿಡಿಯುವುದು, ನಾಗನಿಗೆ ಹರಕೆ ಹೇಳಿಕೊಳ್ಳುವುದು. ಇಷ್ಟಕ್ಕೂ ಹಿಂದೆ ಒಂದು ದೊಡ್ಡ ಭಯವಿತ್ತು: ಸುತ್ತಿಕೊಂಡು ಬರುತ್ತಿರುವ ಹಾವಿನ ತಲೆ ಬಾಲ ಒಂದಾದರೆ ಆಳು ಉಳಿಯುವುದಿಲ್ಲ. ಭಯದ ಜೊತೆಗೆ ಒಂದು ವಿಚಾರಣೆಯೂ ನಡೆಯುತ್ತಿತ್ತು. ಮನೆಯವರು ಎಂದಾದರೂ ಹಾವು ಕೊಂದಿದ್ದರೇ, ಹುತ್ತ ಅಗೆದಿದ್ದರೇ, ನಾಗಬನದ ಮರ ಕಡಿದಿದ್ದರೇ, ಹೇಳಿಕೊಂಡ ಹರಕೆ ಮರೆತಿದ್ದರೇ? ಕರಾವಳಿ, ಮಲೆನಾಡುಗಳಲ್ಲಿ ನಾಗಾರಾಧನೆಗೂ ಚರ್ಮರೋಗಕ್ಕೂ ಇರುವ ನಂಟು ಬಹಳ ಆಳದ್ದು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣನ್ನೇ ಮುಖ್ಯ ಪ್ರಸಾದವಾಗಿ ಕೊಡುತ್ತಾರೆ, ಚರ್ಮದ ಕಾಯಿಲೆಗೆ ಅದೇ ಮದ್ದು ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ.

ಈ ಪದ್ಧತಿಯನ್ನು ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ, ಅವನ್ನು ಬಿಡಿಸಿ ನೋಡಬೇಕು. ಒಂದು, ರೋಗದ ರೂಪವನ್ನು ಕಂಡುಕೊಂಡ ಕಣ್ಣು. ಇನ್ನೊಂದು, ಅದರ ಕಾರಣವನ್ನು ರೋಗಿಯ ನಡತೆಯಲ್ಲಿ ಹುಡುಕಿದ ಮನಸ್ಸು. ಕಣ್ಣು ಬಹಳ ಚುರುಕಾಗಿಯೇ ಇತ್ತು. ಚರಕ ಸಂಹಿತೆ ಕಕ್ಷಾ ಎಂಬ ವ್ಯಾಧಿಯನ್ನು ವರ್ಣಿಸುವಾಗ ಅದರ ಗುಳ್ಳೆಗಳು ಜನಿವಾರದಂತೆ ಹಬ್ಬುತ್ತವೆ ಎನ್ನುತ್ತದೆ, ಪಿತ್ತ ವಾತಗಳ ಕೋಪವೇ ಅದಕ್ಕೆ ಕಾರಣ ಎನ್ನುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನ ಅದೇ ರೋಗದ ಜಾಗಗಳನ್ನು ಹೆಸರಿಸುತ್ತದೆ: ತೋಳು, ಪಕ್ಕೆ, ಹೆಗಲು, ಕಂಕುಳು. ನೋವನ್ನೂ ಸೇರಿಸುತ್ತದೆ. ಇಂದಿನ ಚರ್ಮವೈದ್ಯರು ಇವುಗಳಲ್ಲಿ ಸರ್ಪಸುತ್ತನ್ನು ಗುರುತಿಸಲು ಕಷ್ಟಪಡಬೇಕಾಗಿಲ್ಲ. ತಲೆ ಬಾಲ ಕೂಡುವ ಭಯವೂ ನಮ್ಮ ನೆಲದ್ದು ಮಾತ್ರವಲ್ಲ. ಕ್ರಿ.ಶ. 1ನೆಯ ಶತಮಾನದ ರೋಮಿನ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯ ಗ್ರಂಥದಲ್ಲಿ, ನಡುವನ್ನು ಸುತ್ತುವ ಒಂದು ಬಗೆಯ ಉರಿರೋಗವಿದೆ, ಅದು ಪೂರ್ತಿ ಬಳಸಿಕೊಂಡರೆ ಕೊಲ್ಲುತ್ತದೆ ಎಂದು ಬರೆದಿದ್ದಾನೆ. ನಾಗನನ್ನು ಪೂಜಿಸದ ನಾಡಿನಲ್ಲೂ ಅದೇ ಹೆದರಿಕೆ ಹುಟ್ಟಿತೆಂದರೆ, ಅದನ್ನು ಹುಟ್ಟಿಸಿದ್ದು ಚರ್ಮದ ಮೇಲೆ ಕಂಡ ಆಕಾರವೇ ಹೊರತು ಯಾವುದೋ ಒಂದು ಮತವಲ್ಲ ಎಂದಾಯಿತು. ಎರಡನೆಯದು, ಅಂದರೆ ದೋಷವನ್ನು ರೋಗಿಯ ತಲೆಗೆ ಕಟ್ಟುವುದು, ಅಷ್ಟು ಸಲೀಸಾಗಿ ಹೋಗುವಂಥದ್ದಲ್ಲ. ಶಾಪ ಹೋದ ಜಾಗಕ್ಕೆ ಇತ್ತೀಚೆಗೆ ‘ಟೆನ್ಷನ್’ ಬಂದು ಕೂತಿದೆ ಎಂಬುದು ನನ್ನ ವಾದ. ಅದನ್ನು ಹೇಳಬೇಕಾದರೆ ಈ ರೋಗವನ್ನು ಮನುಷ್ಯ ಅರಿತುಕೊಂಡ ಕಥೆಯನ್ನು ಮೊದಲಿನಿಂದ ನೋಡಬೇಕು.

ಮೊದಲು ಕೆಮ್ಮಣ್ಣಿನ ಪ್ರಶ್ನೆ. ತಲೆತಲಾಂತರದಿಂದ ಜನ ಹಚ್ಚಿಸಿಕೊಂಡು ವಾಸಿಯಾಗಿದ್ದಾರೆ, ಗುಣವಿಲ್ಲದಿದ್ದರೆ ಇಷ್ಟು ಕಾಲ ಉಳಿಯುತ್ತಿತ್ತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರವಿರುವುದು ರೋಗದ ಸ್ವಭಾವದಲ್ಲಿ. ಸರ್ಪಸುತ್ತಿನ ಗುಳ್ಳೆಗಳು ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನಗಳಲ್ಲಿ ಒಣಗಿ ಹೊಪ್ಪಳೆಗಟ್ಟುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ಮಾಯುತ್ತದೆ. ಮೂರು ದಿನ ಮಣ್ಣು ಹಚ್ಚಿದರೂ ಅಷ್ಟೇ, ಒಂಬತ್ತು ದಿನ ಹಚ್ಚಿದರೂ ಅಷ್ಟೇ. ಇನ್ನು ಹಾವಿನ ತಲೆ ಬಾಲದ ಮಾತು. ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ಸಂವೇದನಾ ನರವೂ ಮೈಯ ಒಂದು ಪಕ್ಕದ ಒಂದು ಪಟ್ಟಿಯನ್ನಷ್ಟೇ ನೋಡಿಕೊಳ್ಳುತ್ತದೆ. ಎದೆಯ ಭಾಗದಲ್ಲಿ ಆ ಪಟ್ಟಿ ಬೆನ್ನಿನ ನಡುಗೆರೆಯಲ್ಲಿ ಶುರುವಾಗಿ ಎದೆಯ ನಡುಗೆರೆಯಲ್ಲಿ ನಿಲ್ಲುತ್ತದೆ. ರೋಗ ಒಂದು ನರದ ದಾರಿಯಲ್ಲಿ ಬರುವುದರಿಂದ ಗುಳ್ಳೆಗಳೂ ಆ ಗಡಿಯಲ್ಲೇ ನಿಲ್ಲುತ್ತವೆ. ಹಾವು ಸುತ್ತು ಮುಗಿಸದಂತೆ ತಡೆಯುತ್ತೇನೆ ಎಂದು ಮಣ್ಣು ಹಚ್ಚಿದವರ ಮಾತು ಹೆಚ್ಚು ಕಡಿಮೆ ಪ್ರತಿ ಸಲವೂ ನಿಜವಾಗುತ್ತಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ, ಹಚ್ಚುವವರೂ ನಂಬಿಯೇ ಹಚ್ಚುತ್ತಿದ್ದರು. ಆದರೂ ಆ ಭಯವನ್ನು ಪೂರ್ತಿ ಸುಳ್ಳೆನ್ನಲು ನಾನು ಹಿಂಜರಿಯುತ್ತೇನೆ. ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಗುಳ್ಳೆಗಳು ಒಂದು ಪಟ್ಟಿಯ ಎಲ್ಲೆ ಮೀರಿ ಮೈಯೆಲ್ಲಾ ಹರಡಬಲ್ಲವು, ರೋಗ ಶ್ವಾಸಕೋಶ, ಯಕೃತ್ತು, ಮಿದುಳಿಗೂ ಹೋಗಬಲ್ಲದು. ಗಡಿ ದಾಟಿದ ಸರ್ಪಸುತ್ತು ಕೆಟ್ಟ ಸೂಚನೆ ಎಂಬುದನ್ನು ಇಂದಿನ ಯಾವ ಆಸ್ಪತ್ರೆಯೂ ಒಪ್ಪುತ್ತದೆ.

ಕಾರಣದ ಹುಡುಕಾಟ ಯೂರೋಪಿನಲ್ಲಿ ನಡೆದದ್ದು ನಿಧಾನವಾಗಿ, ಮೊದಲು ಶವಾಗಾರಗಳಲ್ಲಿ. ಲಂಡನ್ನಿನ ರಿಚರ್ಡ್ ಬ್ರೈಟ್ 1831ರಲ್ಲೇ ಈ ಗುಳ್ಳೆಗಳಿಗೂ ನರಗಳಿಗೂ ಸಂಬಂಧವಿರಬೇಕೆಂದು ಊಹಿಸಿದ್ದ. 1860ರ ದಶಕದಲ್ಲಿ ಬರ್ಲಿನ್ನಿನ ಫೆಲಿಕ್ಸ್ ಫಾನ್ ಬೇರೆನ್‌ಸ್ಪ್ರುಂಗ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಉರಿಯೂತವನ್ನು ಕಂಡ. 1900ರಲ್ಲಿ ಹೆನ್ರಿ ಹೆಡ್ ಮತ್ತು ಎ. ಡಬ್ಲ್ಯೂ. ಕ್ಯಾಂಪ್‌ಬೆಲ್ 21 ಶವಪರೀಕ್ಷೆಗಳ ಆಧಾರದ ಮೇಲೆ ನರಗಂಟೇ ರೋಗದ ನೆಲೆ ಎಂದು ಸಾಧಿಸಿದರು. ಯಾವ ನರ ಮೈಯ ಯಾವ ಪಟ್ಟಿಯನ್ನು ಆಳುತ್ತದೆ ಎಂಬ ನಕ್ಷೆಯನ್ನು ಸರ್ಪಸುತ್ತಿನ ರೋಗಿಗಳಿಂದಲೇ ಬರೆದರು. ನೆಲೆ ಸಿಕ್ಕಿತು, ಆದರೆ ಅಲ್ಲಿಗೆ ರೋಗವನ್ನು ತಂದವರು ಯಾರೆಂಬುದು ಗೊತ್ತಾಗಲಿಲ್ಲ. ಚಳಿ ಎಂದರು, ಪೆಟ್ಟು ಎಂದರು. ಪಾಷಾಣದ ಔಷಧ ತೆಗೆದುಕೊಂಡವರಲ್ಲಿ ಸರ್ಪಸುತ್ತು ಏಳುವುದನ್ನು ಜೊನಾಥನ್ ಹಚಿನ್ಸನ್ ಗಮನಿಸಿದ್ದ, ಹಾಗಾಗಿ ವಿಷವೆಂದೂ ಅಂದರು. ನಿಜವಾದ ಸುಳಿವು ಮಕ್ಕಳ ಕಡೆಯಿಂದ ಬಂತು. ಮನೆಯಲ್ಲೊಬ್ಬರಿಗೆ ಸರ್ಪಸುತ್ತು ಬಂದರೆ ಕೆಲವು ದಿನಗಳಲ್ಲಿ ಅದೇ ಮನೆಯ ಮಗುವಿಗೆ ಸೀತಾಳೆ ಸಿಡುಬು ಏಳುವುದನ್ನು ಬುಡಾಪೆಸ್ಟಿನ ಮಕ್ಕಳ ವೈದ್ಯ ಯಾನೋಷ್ ಬೊಕಾಯಿ 1892ರಲ್ಲಿ ಎತ್ತಿ ಹೇಳಿದ. ನಮ್ಮ ಕಡೆ ‘ಅಮ್ಮ’ ಎಂದು ಕರೆಯುವ ಕಾಯಿಲೆಗಳಲ್ಲಿ ಒಂದಾದ ಆ ಮಕ್ಕಳ ರೋಗಕ್ಕೂ ಮುದುಕರ ಈ ಉರಿಗೂ ಮೂಲ ಒಂದೇ ಇರಬಹುದೆಂಬ ಮಾತು ಅಂದಿನ ಬಹಳ ಜನಕ್ಕೆ ರುಚಿಸಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ಬಗೆಯ ಗುಳ್ಳೆಗಳಿಂದ ವೈರಸ್ ಬೆಳೆಸಿ ಎರಡೂ ಒಂದೇ ಎಂದು ತೋರಿಸಿದ ಮೇಲೆ ಆ ವಿವಾದ ತಣ್ಣಗಾಯಿತು.

ಆದರೂ ಮುಖ್ಯ ಪ್ರಶ್ನೆ ಉಳಿದೇ ಇತ್ತು: ಮುದುಕರಿಗೆ ಈ ವೈರಸ್ ಹೊರಗಿನಿಂದ ಮತ್ತೆ ತಗಲುತ್ತದೆಯೇ, ಅಥವಾ ಒಳಗೇ ಇತ್ತೇ? ಇದಕ್ಕೆ ಉತ್ತರ ಬಂದದ್ದು ದೊಡ್ಡ ವಿಶ್ವವಿದ್ಯಾಲಯದಿಂದಲ್ಲ, ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಚಿಕ್ಕ ಪೇಟೆಯಲ್ಲಿ ಊರಿನವರ ಕೆಮ್ಮು ನೆಗಡಿ ನೋಡಿಕೊಂಡಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಎಂಬ ವೈದ್ಯನಿಂದ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ವ್ಯಕ್ತಿ ಆತ. 1947ರಿಂದ 16 ವರ್ಷ, ತನ್ನ ಆರೈಕೆಯಲ್ಲಿದ್ದ ಸುಮಾರು ಮೂರೂವರೆ ಸಾವಿರ ಜನರಲ್ಲಿ ಸರ್ಪಸುತ್ತು ಬಂದ ಪ್ರತಿಯೊಬ್ಬರನ್ನೂ ಆತ ದಾಖಲಿಸುತ್ತಾ ಹೋದ. ಒಟ್ಟು 192 ಪ್ರಕರಣ. ಹೊರಗಿನ ಸಂಪರ್ಕ ಕಡಿಮೆಯಿದ್ದು ಯಾರಿಗೆ ಯಾವಾಗ ಯಾವ ರೋಗ ಬಂದಿತ್ತು ಎಂದು ಜನ ನೆನಪಿಟ್ಟಿರುವ ಜಾಗ ಬೇಕೆಂದು ಶೆಟ್‌ಲೆಂಡಿನ ಯೆಲ್ ದ್ವೀಪಕ್ಕೂ ಹೋಗಿ ವಿಚಾರಿಸಿ ಬಂದ. 1965ರಲ್ಲಿ ಆತ ಪ್ರಕಟಿಸಿದ ಪ್ರಬಂಧದ ಲೆಕ್ಕ ಸರಳವಾಗಿದೆ, ಆದರೆ ಅದರ ಬಲ ದೊಡ್ಡದು. ಸೀತಾಳೆ ಸಿಡುಬು ಅಲೆಯಲೆಯಾಗಿ ಬರುತ್ತದೆ, ಒಂದು ಋತುವಿನಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತದೆ. ಸರ್ಪಸುತ್ತಿಗೆ ಅಲೆಯೂ ಇಲ್ಲ, ಋತುವೂ ಇಲ್ಲ, ಒಬ್ಬರಿಂದ ಒಬ್ಬರಿಗೆ ಸಾಗಿದ ಸರಣಿಯೂ ಇಲ್ಲ. ಬದಲಿಗೆ ಅದು ವಯಸ್ಸಿನ ಹಿಂದೆ ಹೋಗುತ್ತದೆ. ಮಕ್ಕಳಲ್ಲಿ ಅಪರೂಪ, ಐವತ್ತು ದಾಟಿದ ಮೇಲೆ ಏರಿಕೆ, ಎಂಬತ್ತರ ಆಸುಪಾಸಿನಲ್ಲಿ ವರ್ಷಕ್ಕೆ ಸಾವಿರಕ್ಕೆ ಹತ್ತರಷ್ಟು. ಎಂಬತ್ತೈದರವರೆಗೆ ಬದುಕುವವರಲ್ಲಿ ಅರ್ಧದಷ್ಟು ಮಂದಿಗೆ ಒಮ್ಮೆಯಾದರೂ ಇದು ಬಂದಿರುತ್ತದೆ ಎಂದು ಆತ ಅಂದಾಜಿಸಿದ. ಇದರಿಂದ ಅವನು ತಲುಪಿದ ನಿರ್ಣಯ: ಎಳವೆಯಲ್ಲಿ ಸೀತಾಳೆ ಸಿಡುಬು ಮಾಸಿದಾಗ ವೈರಸ್ ಮೈಬಿಟ್ಟು ಹೋಗುವುದಿಲ್ಲ, ನರಗಂಟುಗಳಲ್ಲಿ ಉಳಿಯುತ್ತದೆ. ಆಗಾಗ ತಲೆಯೆತ್ತಲು ನೋಡುತ್ತದೆ, ಪ್ರತಿರೋಧ ಅದನ್ನು ಅಲ್ಲಲ್ಲೇ ಅದುಮುತ್ತದೆ. ವರ್ಷಗಳು ಕಳೆದಂತೆ ಆ ಪ್ರತಿರೋಧ ಇಳಿಯುತ್ತಾ ಬಂದು ಒಂದು ಮಟ್ಟಕ್ಕಿಂತ ಕೆಳಗೆ ಹೋದ ದಿನ ವೈರಸ್ ನರದ ಗುಂಟ ಚರ್ಮಕ್ಕೆ ಬರುತ್ತದೆ. 1980ರ ದಶಕದಲ್ಲಿ ಸತ್ತವರ ನರಗಂಟುಗಳಲ್ಲಿ ವೈರಸ್ಸಿನ ಡಿಎನ್‌ಎ ಸಿಕ್ಕಿತು. ಒಬ್ಬನೇ ರೋಗಿಯ ಸೀತಾಳೆ ಸಿಡುಬಿನ ವೈರಸ್ಸೂ ಮುಂದೆ ಬಂದ ಸರ್ಪಸುತ್ತಿನ ವೈರಸ್ಸೂ ಒಂದೇ ಎಂಬುದೂ ಖಚಿತವಾಯಿತು. ಸೈರನ್ಸೆಸ್ಟರಿನ ಎಣಿಕೆ ಸರಿಯಾಗಿತ್ತು.

ಈ ಎಣಿಕೆಯ ವೈದ್ಯಕೀಯ ಬೆಲೆ ಎಲ್ಲರಿಗೂ ಗೊತ್ತು. ಅದು ನೈತಿಕವಾಗಿಯೂ ಒಂದು ದೊಡ್ಡ ಕೆಲಸ ಮಾಡಿತು ಎಂದು ನಾನು ಭಾವಿಸುತ್ತೇನೆ. ರೋಗದ ಬೀಜ ಬಿದ್ದದ್ದು ಬಾಲ್ಯದಲ್ಲಿ, ಎಲ್ಲ ಮಕ್ಕಳಿಗೂ ಬರುವ ಒಂದು ಕಾಯಿಲೆಯಲ್ಲಿ. ಅದು ಮೊಳೆತದ್ದು ಎಲ್ಲರಿಗೂ ಆಗುವ ವಯಸ್ಸಿನಿಂದ. ನಡುವೆ ಹಾವು ಕೊಂದದ್ದಕ್ಕೂ ಹರಕೆ ಮರೆತದ್ದಕ್ಕೂ ಜಾಗವಿಲ್ಲ. ಮುಂದಿನ ಸಂಶೋಧನೆ ಈ ಚಿತ್ರವನ್ನು ಒಂದು ಕಡೆ ತಿದ್ದಿತು. ವೈರಸ್ಸನ್ನು ಅದುಮಿಡುವುದು ರಕ್ತದ ಪ್ರತಿಕಾಯಗಳೆಂದು ಹೋಪ್-ಸಿಂಪ್ಸನ್ ನಂಬಿದ್ದ. ಆದರೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂದವರಲ್ಲಿ ಪ್ರತಿಕಾಯಗಳಿದ್ದರೂ ಸರ್ಪಸುತ್ತು ಮತ್ತೆ ಮತ್ತೆ ಏಳುವುದು ಕಂಡಾಗ, ಕಾವಲಿರುವುದು ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳೆಂದು ಗೊತ್ತಾಯಿತು. ಅಂಗಾಂಗ ಕಸಿಯಾದವರು, ದೀರ್ಘಕಾಲ ಸ್ಟೆರಾಯ್ಡ್ ಸೇವಿಸುವವರು, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು ಇದಕ್ಕೆ ಹೆಚ್ಚು ತುತ್ತಾಗುವುದು ಇದೇ ಕಾರಣಕ್ಕೆ. 1980ರ ದಶಕದಲ್ಲಿ ಎಚ್‌ಐವಿ ಬಂದಾಗ, ಟಿ ಜೀವಕೋಶಗಳನ್ನೇ ನಾಶಮಾಡುವ ಆ ರೋಗದ ಮೊದಲ ಗುರುತುಗಳಲ್ಲಿ ಎಳೆಯ ವಯಸ್ಸಿನವರ ಸರ್ಪಸುತ್ತೂ ಒಂದೆಂದು ಕಂಡುಬಂತು. ಯುವಕರಲ್ಲಿ ಇದು ಕಂಡರೆ ಎಚ್‌ಐವಿ ಪರೀಕ್ಷೆಗೆ ಬರೆಯುವುದು ವೈದ್ಯರ ರೂಢಿಯಾಯಿತು. ಪರೀಕ್ಷೆ ಸರಿಯೇ. ಆದರೆ ಊರಿನ ಬಾಯಿಗೆ ಅದು ಸಿಕ್ಕಾಗ ನಾಗದೋಷದ ಜಾಗಕ್ಕೆ ನಡತೆಯ ದೋಷ ಬಂದು ನಿಂತಿತು, ಬೇರೆ ಕಾರಣಕ್ಕೆ ಸರ್ಪಸುತ್ತು ಬಂದವರೂ ಮುಖ ಮುಚ್ಚಿಕೊಳ್ಳುವಂತಾಯಿತು.

ಈಗ ಒತ್ತಡದ ಮಾತು. ಹಾನ್ಸ್ ಸೆಲ್ಯೆ 1936ರಲ್ಲಿ, ಬೇರೆ ಬೇರೆ ಬಗೆಯ ಹಿಂಸೆಗೂ ದೇಹ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ ನಂತರ ಒತ್ತಡ ವೈದ್ಯಶಾಸ್ತ್ರದ ವಿಷಯವಾಯಿತು. ಒತ್ತಡದಲ್ಲಿ ಅಡ್ರಿನಲ್ ಗ್ರಂಥಿ ಸುರಿಸುವ ಕಾರ್ಟಿಸಾಲ್ ಟಿ ಜೀವಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ; ಸ್ಟೆರಾಯ್ಡ್ ಮಾತ್ರೆ ಮಾಡುವುದೂ ಅದನ್ನೇ. ಹೀಗಾಗಿ ಮನಸ್ಸಿನ ಬವಣೆಯಿಂದ ನರಗಂಟಿನ ವೈರಸ್‌ವರೆಗೆ ಒಂದು ದಾರಿ ಇದ್ದೇ ಇದೆ. 1980ರ ದಶಕದಲ್ಲಿ ಓಹಿಯೋದ ರೊನಾಲ್ಡ್ ಗ್ಲೇಸರ್ ಮತ್ತು ಜಾನಿಸ್ ಕೀಕೋಲ್ಟ್-ಗ್ಲೇಸರ್ ವೈದ್ಯಕೀಯ ವಿದ್ಯಾರ್ಥಿಗಳ ರಕ್ತವನ್ನು ಪರೀಕ್ಷೆಯ ದಿನಗಳಲ್ಲೂ ಬಿಡುವಿನ ದಿನಗಳಲ್ಲೂ ನೋಡಿ, ಪರೀಕ್ಷೆಯ ಹೊತ್ತಿನಲ್ಲಿ ಮೈಯೊಳಗಿನ ಹರ್ಪಿಸ್ ಬಳಗದ (ಸರ್ಪಸುತ್ತಿನ ವೈರಸ್ಸೂ ಇದೇ ಬಳಗದ್ದು) ವೈರಸ್‌ಗಳು ಚುರುಕಾಗುವ ಲಕ್ಷಣ ಕಂಡರು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಂಟು ಗಗನಯಾತ್ರಿಗಳ ಜೊಲ್ಲನ್ನು ಪರೀಕ್ಷಿಸಿತ್ತು. ಹಾರುವ ಮುಂಚೆ ಹೆಚ್ಚು ಕಡಿಮೆ ಇಲ್ಲದೇ ಇದ್ದ ಸೀತಾಳೆ ಸಿಡುಬಿನ ವೈರಸ್ಸಿನ ಡಿಎನ್‌ಎ ಹಾರಾಟದಲ್ಲೂ ಆಮೇಲೂ ಕಾಣಿಸಿತು. ಅವರ ಚರ್ಮದ ಮೇಲೆ ಮಾತ್ರ ಒಂದು ಗುಳ್ಳೆಯೂ ಎದ್ದಿರಲಿಲ್ಲ. ನನಗೆ ಇದು ಬಹಳ ಮುಖ್ಯವಾಗಿ ತೋರುತ್ತದೆ. ಒತ್ತಡ ವೈರಸ್ಸನ್ನು ಕದಲಿಸುತ್ತದೆ, ಆದರೆ ಕದಲಿದ್ದೆಲ್ಲ ರೋಗವಾಗುವುದಿಲ್ಲ. ಆರೋಗ್ಯವಂತರ ಕಾವಲು ಅದನ್ನು ಮತ್ತೆ ಕೂರಿಸುತ್ತದೆ.

ಜನರ ಅನುಭವವೇ ಸಾಕ್ಷಿ ಎಂದು ಇಲ್ಲಿ ಆಕ್ಷೇಪ ಬರುತ್ತದೆ. ಮಗಳ ಮದುವೆಯ ಓಡಾಟ, ಸಾಲ, ಗಂಡನ ಸಾವು, ಇವುಗಳ ಬೆನ್ನಿಗೇ ಸರ್ಪಸುತ್ತು ಎದ್ದದ್ದನ್ನು ಎಷ್ಟು ಮಂದಿ ಕಂಡಿಲ್ಲ? ಕಂಡಿದ್ದಾರೆ, ನಿಜ. ಆದರೆ ಹಿಂದಿನ ಕಾಲದವರೂ ಅಷ್ಟೇ ಖಚಿತವಾಗಿ ತಾವು ಕೊಂದ ಹಾವನ್ನು ನೆನಪಿಸಿಕೊಂಡಿದ್ದರು. ನೋವು ಬಂದ ಮೇಲೆ ಕಾರಣ ಹುಡುಕುವ ನೆನಪು ಬೇಕಾದದ್ದನ್ನು ಎತ್ತಿಕೊಡುತ್ತದೆ. ಐವತ್ತು ದಾಟಿದ ಯಾರ ಬಾಳಿನಲ್ಲಿ ಕಳೆದ ಆರು ತಿಂಗಳಲ್ಲಿ ಒಂದಾದರೂ ಕಷ್ಟ ನಡೆದಿರುವುದಿಲ್ಲ? 1990ರಲ್ಲಿ ಅಮೆರಿಕದ ಕೆನೆತ್ ಷ್ಮೇಡರ್ ಮತ್ತು ಸಂಗಡಿಗರು ಸರ್ಪಸುತ್ತು ಬಂದವರನ್ನೂ ಬಾರದವರನ್ನೂ ಹೋಲಿಸಿದಾಗ, ಬದುಕಿನಲ್ಲಿ ನಡೆದ ಘಟನೆಗಳ ಸಂಖ್ಯೆಯಲ್ಲಿ ವ್ಯತ್ಯಾಸ ಸಿಗಲಿಲ್ಲ, ಅವನ್ನು ಕೆಟ್ಟದ್ದೆಂದು ಅನುಭವಿಸಿದ್ದರಲ್ಲಿ ಮಾತ್ರ ಸಿಕ್ಕಿತು. ನೆನಪಿನ ತೊಡಕಿನಿಂದ ತಪ್ಪಿಸಿಕೊಳ್ಳಲು ನೆನಪನ್ನೇ ಕೇಳದ ದಾಖಲೆಗಳನ್ನು ನೋಡಬೇಕು. ಡೆನ್ಮಾರ್ಕ್ ಮತ್ತು ಬ್ರಿಟನ್ನಿನ ಆರೋಗ್ಯ ದಾಖಲೆಗಳನ್ನು ಇಟ್ಟುಕೊಂಡು, ಬಾಳಸಂಗಾತಿ ತೀರಿಕೊಂಡವರಲ್ಲಿ ಸರ್ಪಸುತ್ತು ಹೆಚ್ಚುತ್ತದೆಯೇ ಎಂದು ದೊಡ್ಡ ಪ್ರಮಾಣದಲ್ಲಿ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಗಣನೀಯವಾದ ಹೆಚ್ಚಳವೇನೂ ಕಾಣಲಿಲ್ಲ. ಸಂಗಾತಿಯ ಸಾವಿಗಿಂತ ದೊಡ್ಡ ಆಘಾತ ಯಾವುದಿದೆ? ಇನ್ನೊಂದು ಕಡೆ, ಡೆನ್ಮಾರ್ಕಿನಲ್ಲೇ ಜನರನ್ನು ಮೊದಲು ಪ್ರಶ್ನಿಸಿ ನಂತರದ ವರ್ಷಗಳಲ್ಲಿ ಹಿಂಬಾಲಿಸಿದ ಅಧ್ಯಯನದಲ್ಲಿ, ತಮ್ಮ ದಿನನಿತ್ಯದ ಒತ್ತಡ ಬಹಳ ಹೆಚ್ಚು ಎಂದವರಲ್ಲಿ ರೋಗ ಸ್ವಲ್ಪ ಹೆಚ್ಚಾಗಿ ಕಂಡಿತು. ಎರಡನ್ನೂ ಸೇರಿಸಿ ಓದಿದರೆ ನನಗೆ ತೋಚುವುದು ಇಷ್ಟು: ಒಮ್ಮೆ ಬಡಿದು ಹೋಗುವ ದುಃಖಕ್ಕಿಂತ ವರ್ಷಗಟ್ಟಲೆ ಬಿಡದೆ ಜಗ್ಗುವ ಬವಣೆಗೆ ಇದರಲ್ಲಿ ಏನಾದರೂ ಪಾಲಿರಬಹುದು. ಆ ಪಾಲು ವಯಸ್ಸಿನ ಪಾಲಿಗಿಂತ, ಟಿ ಜೀವಕೋಶಗಳನ್ನು ನೇರವಾಗಿ ಕುಗ್ಗಿಸುವ ರೋಗ, ಔಷಧಗಳ ಪಾಲಿಗಿಂತ ಬಹಳ ಚಿಕ್ಕದು.

ಪಾಲು ಚಿಕ್ಕದಾದರೇನು, ಒತ್ತಡ ಕಡಿಮೆ ಮಾಡಿಕೊಳ್ಳಿ ಎಂದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ತುಟಿಯ ಅಂಚಿನಲ್ಲಿ ಏಳುವ ಜ್ವರದ ಗುಳ್ಳೆಗೆ ಕಾರಣವಾದ ಹರ್ಪಿಸ್ ಸಿಂಪ್ಲೆಕ್ಸ್ ಇದೇ ಬಳಗದ್ದು. ಜ್ವರ, ಬಿಸಿಲು, ಆಯಾಸಗಳಲ್ಲಿ ಅದು ಮರುಕಳಿಸುತ್ತದೆ. ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಅದರ ಮೊದಲ ಬಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಷ್ಟು ಸಾಮಾನ್ಯವಾದ ವೈರಸ್ ಮರುಕಳಿಸಿದಾಗಲೆಲ್ಲ ನಿನ್ನ ಮನಸ್ಸು ಹತೋಟಿಯಲ್ಲಿಲ್ಲ ಎಂದು ಹೇಳಿದರೆ ರೋಗಿಗೆ ನೋವಿನ ಜೊತೆಗೆ ತಪ್ಪಿತಸ್ಥ ಭಾವವೂ ಅಂಟುತ್ತದೆ. ಚಿಂತೆ ಮಾಡುತ್ತೇನೆಂಬ ಚಿಂತೆ ಬೇರೆ. ಬದುಕಿನ ಬವಣೆ ಯಾರ ಆಯ್ಕೆಯೂ ಅಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ, ಮಳೆ ಕೈಕೊಟ್ಟ ವರ್ಷ ಕೂಲಿಗೆ ಹೋಗುವ ಅರವತ್ತರ ಹೆಂಗಸಿಗೆ ನೆಮ್ಮದಿಯಿಂದಿರು ಎಂಬ ಸಲಹೆ ಔಷಧವಾಗಲಾರದು. ಈ ಒಂದು ವಿಷಯದಲ್ಲಿ ಹಳೆಯ ಪದ್ಧತಿಯೇ ಹೆಚ್ಚು ಕರುಣೆಯದ್ದಾಗಿತ್ತು. ಪಥ್ಯದ ನೆಪದಲ್ಲಿ ಅದು ರೋಗಿಯನ್ನು ಒಲೆಯಿಂದ, ಹೊಲದಿಂದ ಬಿಡಿಸುತ್ತಿತ್ತು. ವಿಶ್ರಾಂತಿ ಬೇಕೆಂದು ಬರಿ ಬಾಯಲ್ಲಿ ಹೇಳದೆ ಮನೆಯವರಿಂದ ಅದನ್ನು ಕೊಡಿಸುತ್ತಿತ್ತು.

ಆ ಪದ್ಧತಿಯ ಹಾನಿ ಇದ್ದದ್ದು ಸಮಯದಲ್ಲಿ. ಗರ್ಟ್ರೂಡ್ ಎಲಿಯನ್ ಅವರ ತಂಡ ರೂಪಿಸಿದ ಅಸೈಕ್ಲೋವಿರ್ 1980ರ ದಶಕದಿಂದ ಬಳಕೆಯಲ್ಲಿದೆ (ಎಲಿಯನ್ 1988ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು). ಗುಳ್ಳೆ ಎದ್ದ 72 ಗಂಟೆಗಳೊಳಗೆ ಶುರುಮಾಡಿದರೆ ಅದರ ಫಲ ಚೆನ್ನಾಗಿರುತ್ತದೆ. ಮಣ್ಣು ಹಚ್ಚಿಸಿ ಕಾದು ನೋಡುವ ಮೂರು ದಿನಗಳೂ ಇವೇ. ಚರ್ಮ ಮಾಯ್ದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕಾಡುವ ನರದ ನೋವು ಮುದುಕರ ನಿದ್ದೆಯನ್ನೇ ಕಸಿದುಬಿಡುತ್ತದೆ. ಸರ್ಪಸುತ್ತು ಬಾರದಂತೆ ತಡೆಯುವ ಲಸಿಕೆ 2023ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿದೆ, ಆದರೆ ಅದರ ಬೆಲೆ ಬಡವರ ಕೈಗೆಟಕುವುದಿಲ್ಲ. ಅದು ಕೈಗೆಟಕುವವರೆಗೆ ಜನ ಮೊದಲು ಹೋಗುವ ಬಾಗಿಲು ಕುಂಬಾರರದ್ದೋ ಮಂತ್ರ ಹಾಕುವವರದ್ದೋ ಆಗಿಯೇ ಇರುತ್ತದೆ. ಹಾಗಿರುವಾಗ ಅವರನ್ನು ಬಯ್ದು ದೂರವಿಡುವುದಕ್ಕಿಂತ ಅವರ ಚುರುಕು ಕಣ್ಣಿಗೆ ಇನ್ನೆರಡು ಗುರುತುಗಳನ್ನು ಕೊಡುವುದು ಆರೋಗ್ಯ ಇಲಾಖೆಗೆ ಸಾಧ್ಯವಿರುವ ಕೆಲಸ. ಗುಳ್ಳೆ ಎದ್ದು ಮೂರು ದಿನ ಕಳೆದಿಲ್ಲವಾದರೆ ಮಣ್ಣಿಗಿಂತ ಮುಂಚೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಒಂದು. ಎರಡನೆಯದನ್ನು ಹಚಿನ್ಸನ್ 19ನೆಯ ಶತಮಾನದಲ್ಲೇ ಗುರುತಿಸಿದ್ದ: ಹಣೆಯ ಮೇಲೆ ಎದ್ದ ಸರ್ಪಸುತ್ತು ಮೂಗಿನ ತುದಿಗೂ ಇಳಿದಿದ್ದರೆ ಅದೇ ನರದ ಕವಲು ಕಣ್ಣಿಗೂ ಹೋಗಿರುತ್ತದೆ, ಅಂಥವರನ್ನು ಅದೇ ದಿನ ಕಣ್ಣಿನ ವೈದ್ಯರ ಮುಂದೆ ಕೂರಿಸಬೇಕು.